ಗುಂಡಿಯ ಮೇಲಿನ ಬೆರಳು

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ, ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರ ಹಿಂದೆ ಓಡಾಡಿದೆ. ಅವರು ಹರಾಜಿಗಿಟ್ಟ ರಾಶಿಯಿಂದ ಒಂದು ಹಿಡಿ ಗೂಡು ಎತ್ತಿಕೊಂಡರು, ಬೆರಳಲ್ಲಿ ಒತ್ತಿದರು, ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಹುಳುವಿನ ಸದ್ದು ಕೇಳಿದರು. ಇ-ಹರಾಜು ಶುರುವಾದ ಮೇಲೆ ಮೊಬೈಲಿನಲ್ಲಿ ದರ ಹಾಕಿದರು. ಯಾರೋ ಅದಕ್ಕಿಂತ ಮೇಲೆ ಹೋದರು. ಇವರ ಬೆರಳು ಗುಂಡಿಯ ಮೇಲೆ ಬಂದು ನಿಂತಿತು, ಒತ್ತಲಿಲ್ಲ.

ಮಿಶ್ರತಳಿ ಗೂಡಾದರೆ ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಬೇಕು. ಹಟಕ್ಕೆ ಬಿದ್ದು ಕಿಲೋಗೆ ಹತ್ತು ರೂಪಾಯಿ ಏರಿಸಿದರೆ ನೂಲಿನ ಅಸಲು ಎಪ್ಪತ್ತು ರೂಪಾಯಿ ಏರುತ್ತದೆ.

ಆ ನಿಂತ ಬೆರಳಿನ ಹಿಂದೆ ಮಿದುಳಿನಲ್ಲಿ ಒಂದು ಓಟದ ಪಂದ್ಯವಿದೆ. 1984ರಲ್ಲಿ ಸಂಶೋಧಕರಾದ ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ ಇದನ್ನು ಹೀಗೆ ವಿವರಿಸಿದರು: 'ಮಾಡು' ಎಂಬ ಆಜ್ಞೆ ಮೊದಲೇ ಹೊರಟಿರುತ್ತದೆ, 'ನಿಲ್ಲಿಸು' ಎಂಬುದು ತಡವಾಗಿ ಹೊರಟು ಅದನ್ನು ಹಿಂದೆ ಹಾಕಬೇಕು. ಪ್ರಯೋಗಶಾಲೆಯಲ್ಲಿ ಆರೋಗ್ಯವಂತ ಯುವಜನರಿಗೆ ಹೀಗೆ ತಡೆಯಲು ಬೇಕಾಗುವ ಸಮಯ ಸೆಕೆಂಡಿನ ಸುಮಾರು ಐದನೇ ಒಂದು ಭಾಗದಿಂದ ಕಾಲು ಭಾಗ. ಹಣೆಯ ಹಿಂದೆ ಬಲಬದಿಯಲ್ಲಿರುವ ಮಿದುಳಿನ ಹೊರಪದರ, ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ನರಕೋಶಗಳ ಗುಂಪು ಈ ಕೆಲಸದಲ್ಲಿ ಮುಖ್ಯ. ಬೆರಳನ್ನು ಬೇಗ ತಡೆಯಬಲ್ಲವರೆಲ್ಲ ಬದುಕಿನಲ್ಲೂ ತಾಳ್ಮೆಯವರು ಎಂದೇನಿಲ್ಲ. ಆ ಎರಡು ಅಳತೆಗಳ ನಡುವಿನ ನಂಟು ತೆಳುವಾದದ್ದು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತೇವೆ. ವ್ಯಾಪಾರಸ್ಥರ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ನಿಜ ಎಂದು ನನ್ನ ಅನಿಸಿಕೆ. 1990ರಲ್ಲಿ ಮನೋವಿಜ್ಞಾನಿ ಸ್ಕಾಟ್ ಡಿಕ್‌ಮನ್ ಆತುರವನ್ನು ಎರಡಾಗಿ ಒಡೆದರು: ಕೈಗೆ ಬಂದ ಅವಕಾಶವನ್ನು ಹಿಡಿಯುವ, ಉಪಯೋಗಕ್ಕೆ ಬರುವ ಆತುರ ಒಂದು, ಯೋಚಿಸದೆ ಹಳ್ಳಕ್ಕೆ ಬೀಳಿಸುವುದು ಇನ್ನೊಂದು. ಉದ್ಯಮಶೀಲತೆಯ ಸಂಶೋಧಕ ಯೋಹಾನ್ ವಿಕ್ಲುಂಡ್ ಮತ್ತು ಸಂಗಡಿಗರು 2016ರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಮತ್ತು ಆತುರದ ಸಮಸ್ಯೆ) ಇರುವ 14 ಉದ್ಯಮಿಗಳ ಅನುಭವವನ್ನು ವಿಶ್ಲೇಷಿಸಿದಾಗಲೂ, ಅವರನ್ನು ಉದ್ಯಮಕ್ಕೆ ಇಳಿಸಿದ್ದು ಬಹುಮಟ್ಟಿಗೆ ಆತುರವೇ ಎಂದು ಕಂಡುಬಂತು. ಅದರ ಫಲ ಮಾತ್ರ ಕೆಲವೊಮ್ಮೆ ಸಿಹಿ, ಕೆಲವೊಮ್ಮೆ ಕಹಿ. ಎಲ್ಲವನ್ನೂ ತೂಗಿ ಅಳೆದೇ ಹೆಜ್ಜೆ ಇಡುವವರು ಬ್ಯಾಂಕ್ ಸಾಲ ತಂದು ರೀಲಿಂಗ್ ಘಟಕ ಹಾಕುತ್ತಿರಲಿಲ್ಲವೇನೋ.

ಹಾಗಾದರೆ ತಡೆ ಎಲ್ಲಿಂದ ಬರಬೇಕು? ಹರಾಜಿನ ಬಿಸಿಯಲ್ಲಿ ಮನೋಬಲವನ್ನೇ ನಂಬಿಕೊಳ್ಳುವುದು ಕಷ್ಟ. 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡರೆ ನಡವಳಿಕೆ ಹಿಡಿತಕ್ಕೆ ಬರುವುದು ಸುಲಭ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ ಅವರ ಅಧ್ಯಯನಗಳು ತೋರಿಸಿವೆ. ಸಮಯ ಬಂದಾಗ ಹೊಸದಾಗಿ ತೀರ್ಮಾನಿಸುವ ಭಾರವೇ ಇರುವುದಿಲ್ಲ.

ಆ ರೀಲರ್ ಮೊಬೈಲನ್ನು ಜೇಬಿಗೆ ಹಾಕುವಾಗ ಅಂಗೈ ಕಂಡಿತು. ಅಲ್ಲಿ ನೀಲಿ ಪೆನ್ನಿನಲ್ಲಿ ಮೂರಂಕಿಯ ಒಂದು ದರ ಬರೆದಿತ್ತು. ಮನೆಯಿಂದ ಹೊರಡುವಾಗಲೇ ಬರೆದುಕೊಂಡದ್ದಂತೆ.