ಬಸ್ಸು ಕಾಣುತ್ತದೆ, ಬೋರ್ಡು ಕಾಣುವುದಿಲ್ಲ

ರಾತ್ರಿ ಒಂಬತ್ತು ದಾಟಿತ್ತು. ಸ್ಟಾಪಿನಲ್ಲಿ ಇದ್ದದ್ದು ನಾನು ಮತ್ತು ವಯಸ್ಸಾದ ಒಬ್ಬ ಹೆಂಗಸು, ಇಬ್ಬರೇ. ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. "ಯಾವ ನಂಬರು ನೋಡಪ್ಪ" ಎಂದರು. ನೋಡಿದೆ. ಎರಡು ಹೆಡ್‌ಲೈಟು ಕಂಡವು. ಒಳಗಿನ ಬೆಳಕಿನಲ್ಲಿ ಕಂಬಿ ಹಿಡಿದು ನಿಂತವರೂ ಕಂಡರು. ಗಾಜಿನ ಮೇಲ್ಗಡೆ ಬೋರ್ಡು ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಕಪ್ಪು ಪಟ್ಟಿ. ಕೈ ತೋರಿಸೋಣವೋ ಬೇಡವೋ ಎನ್ನುವಷ್ಟರಲ್ಲಿ ಬಸ್ಸು ನಮ್ಮನ್ನು ದಾಟಿತು. ಬಾಗಿಲ ಪಕ್ಕದ ಸಣ್ಣ ಬೋರ್ಡು ಕಣ್ಣಿಗೆ ಬಿದ್ದದ್ದು ಆಗ. ಅದು ಅವರದೇ ಬಸ್ಸು. ಮುಂದಿನದಕ್ಕೆ ಅವರು ನಲವತ್ತು ನಿಮಿಷ ಕಾದರು.

ರಸ್ತೆಯಲ್ಲಿ ಬೀದಿದೀಪ ಇತ್ತು. ಬೋರ್ಡಿನ ಮೇಲೆ ಅಕ್ಷರವೂ ಇತ್ತು. ನನ್ನ ಕಣ್ಣಿಗೆ ದೋಷವಿಲ್ಲ. ಮತ್ತೆ ಯಾಕೆ ಓದಲಾಗಲಿಲ್ಲ? ಉತ್ತರ ಹುಡುಕುತ್ತಾ ಹೋದರೆ ಅದರ ಅರ್ಧ ಭಾಗ ನಮ್ಮ ಕಣ್ಣಿನೊಳಗೇ ಸಿಗುತ್ತದೆ.

ಕಣ್ಣಿನ ಹಿಂಭಾಗದ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಬೆಳಕು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಕಡ್ಡಿಕೋಶಗಳು ಸುಮಾರು 12 ಕೋಟಿ. ಶಂಕುಕೋಶಗಳು ಸುಮಾರು 60 ಲಕ್ಷ. ಕಡ್ಡಿಕೋಶಕ್ಕೆ ಚೂರು ಬೆಳಕು ಸಾಕು, ಆದರೆ ಅದಕ್ಕೆ ಬಣ್ಣ ತಿಳಿಯುವುದಿಲ್ಲ, ಸಣ್ಣ ಗೆರೆಗಳೂ ತಿಳಿಯುವುದಿಲ್ಲ. ಶಂಕುಕೋಶಕ್ಕೆ ಬೆಳಕು ಜಾಸ್ತಿ ಬೇಕು. ಓದುವುದೇನಿದ್ದರೂ ಅದರ ಕೆಲಸ. ನಾವು ಒಂದು ಅಕ್ಷರವನ್ನು ದಿಟ್ಟಿಸಿದಾಗ ಅದರ ಚಿತ್ರ ಬೀಳುವುದು ರೆಟಿನಾದ ನಡುವಿನ ಒಂದು ಪುಟ್ಟ ಗುಳಿಯ ಮೇಲೆ. ಆ ಗುಳಿಯ ನಟ್ಟನಡುವೆ ಕಡ್ಡಿಕೋಶಗಳೇ ಇಲ್ಲ. ಹಗಲಲ್ಲಿ ತುಂಬ ಚುರುಕಾಗಿರುವ ಜಾಗವೇ ಕತ್ತಲೆಯಲ್ಲಿ ಕುರುಡು!

ಮಸುಕಾದ ನಕ್ಷತ್ರವನ್ನು ನೇರವಾಗಿ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಅದಕ್ಕೂ ಇದೇ ಕಾರಣ. ಬಸ್ಸಿನ ಬೋರ್ಡನ್ನು ಹಾಗೆ ಓರೆಗಣ್ಣಿನಲ್ಲಿ ನೋಡಿದರೆ ಅಲ್ಲೊಂದು ಬೋರ್ಡು ಇದೆ ಎಂದು ಗೊತ್ತಾದೀತು. ಏನು ಬರೆದಿದೆ ಎಂದು ಗೊತ್ತಾಗುವುದಿಲ್ಲ.

ಪೇಟೆಯ ರಸ್ತೆಯಲ್ಲಿ ಪೂರ್ತಿ ಕತ್ತಲೆ ಇರುವುದಿಲ್ಲ, ನಿಜ. ಅಲ್ಲಿ ಎರಡೂ ಬಗೆಯ ಕೋಶಗಳು ಅರೆಬರೆ ಕೆಲಸ ಮಾಡುತ್ತಿರುತ್ತವೆ. ಆ ಹೊತ್ತಿನಲ್ಲಿ ಬಣ್ಣಗಳು ಮೋಸ ಮಾಡುತ್ತವೆ. ಜೆಕ್ ವಿಜ್ಞಾನಿ ಯಾನ್ ಪರ್ಕಿಂಜೆ 19ನೇ ಶತಮಾನದ ಆರಂಭದಲ್ಲೇ ಇದನ್ನು ಗಮನಿಸಿದ್ದರು. ಹಗಲಲ್ಲಿ ಎದ್ದು ಕಾಣುವ ಕೆಂಪು ಹೂವು ನಸುಬೆಳಕಿನಲ್ಲಿ ಕಪ್ಪಗಾಗುತ್ತದೆ, ಹಸಿರು ಎಲೆ ಅದಕ್ಕಿಂತ ಬೆಳ್ಳಗೆ ಕಾಣುತ್ತದೆ. ಹಗಲಿನ ಕಣ್ಣು ಹೆಚ್ಚು ಚುರುಕಾಗಿರುವುದು 555 ನ್ಯಾನೋಮೀಟರ್ ಅಲೆಯುದ್ದದ ಹಳದಿ ಮಿಶ್ರಿತ ಹಸಿರಿಗೆ. ಇರುಳಿನ ಕಣ್ಣಿಗೆ ಅದು 507ರ ಹತ್ತಿರ, ನೀಲಿ ಕಡೆಗೆ ಸರಿಯುತ್ತದೆ. ಕಪ್ಪು ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಸಿದವರು ಅದನ್ನು ಹಗಲಲ್ಲಿ ನೋಡಿ ಒಪ್ಪಿರುತ್ತಾರೆ. ಸಂಜೆಯಾದ ಮೇಲೆ ಕೆಂಪೂ ಕಪ್ಪೂ ಒಂದೇ.

ಈಗ ಹೆಡ್‌ಲೈಟಿಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲಿ.

ಕಣ್ಣಿನ ಮಸೂರ, ಒಳಗಿನ ದ್ರವ, ಯಾವುದೂ ಪೂರ್ತಿ ಪಾರದರ್ಶಕವಲ್ಲ. ಜೋರು ಬೆಳಕು ಒಳಗೆ ಬಂದರೆ ಅದರಲ್ಲಿ ಸ್ವಲ್ಪ ಚೆದುರಿ ಇಡೀ ರೆಟಿನಾದ ಮೇಲೆ ತೆಳು ಮುಸುಕಿನಂತೆ ಹರಡುತ್ತದೆ. ಮಂಜು ಹಿಡಿದ ಗಾಜಿನ ಹಿಂದಿನಿಂದ ನೋಡಿದ ಹಾಗೆ. ಬೋರ್ಡಿನ ಬಿಳಿ ಭಾಗದಿಂದ 10 ಪಾಲು ಬೆಳಕು, ಕಪ್ಪು ಅಕ್ಷರದಿಂದ 1 ಪಾಲು ಬರುತ್ತಿದೆ ಎಂದುಕೊಳ್ಳಿ. ಒಂದಕ್ಕೆ ಹತ್ತರ ವ್ಯತ್ಯಾಸ, ಸಲೀಸಾಗಿ ಓದಬಹುದು. ಅದರ ಮೇಲೆ ಹೆಡ್‌ಲೈಟಿನ ಮುಸುಕು ಇನ್ನೊಂದು 10 ಪಾಲು ಸುರಿಯಿತು ಅನ್ನಿ. ಈಗ ಬಿಳಿ 20, ಕಪ್ಪು 11. ಎರಡು ಪಟ್ಟಿನ ವ್ಯತ್ಯಾಸವೂ ಉಳಿಯಲಿಲ್ಲ. ಕಣ್ಣು ಓದುವುದು ಬೆಳಕನ್ನಲ್ಲ, ಬೆಳಕಿನ ವ್ಯತ್ಯಾಸವನ್ನು. ಅಷ್ಟೊಂದು ಬೆಳಕಿದ್ದೂ ಕಾಣಲಿಲ್ಲ ಎಂದೆನಲ್ಲ, ಕಾಣದಂತೆ ಮಾಡಿದ್ದೇ ಆ ಬೆಳಕು.

ಬಸ್ಸು ಹತ್ತಿರ ಬಂದರೆ ಸರಿಹೋಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಈ ಮುಸುಕಿನ ಲೆಕ್ಕವನ್ನು ಹಾಲಡೇ ಮತ್ತು ಸ್ಟೈಲ್ಸ್ ಎಂಬ ಇಬ್ಬರು 1920ರ ದಶಕದಲ್ಲೇ ಹಾಕಿಟ್ಟಿದ್ದಾರೆ. ಕಣ್ಣಿಗೆ ಬೀಳುವ ಬೆಳಕು ಹೆಚ್ಚಿದಷ್ಟೂ ಮುಸುಕು ದಟ್ಟ. ನಾವು ನೋಡುತ್ತಿರುವ ವಸ್ತು ಆ ದೀಪದಿಂದ ದೂರ ಸರಿದಷ್ಟೂ ಮುಸುಕು ತೆಳು, ಅದೂ ಕೋನದ ವರ್ಗಕ್ಕೆ ತಕ್ಕಂತೆ. ಬಸ್ಸು ಅರ್ಧ ದೂರಕ್ಕೆ ಬಂತು ಅನ್ನಿ. ಹೆಡ್‌ಲೈಟಿನಿಂದ ಕಣ್ಣಿಗೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ದೀಪಕ್ಕೂ ಬೋರ್ಡಿಗೂ ನಡುವಿನ ಕೋನ ಎರಡು ಪಟ್ಟಾಗುತ್ತದೆ, ಅಂದರೆ ಮುಸುಕು ನಾಲ್ಕನೇ ಒಂದಕ್ಕೆ ಇಳಿಯಬೇಕು. ನಾಲ್ಕಕ್ಕೆ ನಾಲ್ಕು ವಜಾ. ಹೆಚ್ಚುಕಡಿಮೆ ಅದೇ ಮುಸುಕು ಬಸ್ಸಿನ ಜೊತೆಗೇ ಬರುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಅಷ್ಟೆ. ಹೆಡ್‌ಲೈಟಿನ ನೇರ ಹಾದಿಯಿಂದ ನಾವು ಪಕ್ಕಕ್ಕಾದಾಗ ಬೋರ್ಡು ತಟ್ಟನೆ ತಿಳಿಯಾಗುತ್ತದೆ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ಎಷ್ಟು ದೂರದಿಂದ ಓದಬೇಕು ಎಂದು ಲೆಕ್ಕ ಹಾಕಿ ನೋಡಿದೆ. ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಓದಿ ಕೈ ಎತ್ತಲು ಎರಡು ಸೆಕೆಂಡು. ಚಾಲಕ ಅದನ್ನು ಕಂಡು ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡು. ಒಳಗೆ ನಿಂತವರು ಮುಗ್ಗರಿಸದ ಹಾಗೆ ಮೆಲ್ಲಗೆ ನಿಲ್ಲಿಸಲು ಐವತ್ತು ಮೀಟರ್ ಬೇಕು. ಎಲ್ಲ ಸೇರಿ ಸುಮಾರು 90 ಮೀಟರ್. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಪಟ್ಟಿ ಇದೆಯಲ್ಲ, ಅದನ್ನು 1862ರಲ್ಲಿ ಮಾಡಿದವರು ಡಚ್ ವೈದ್ಯ ಸ್ನೆಲ್ಲೆನ್. ಅವರ ಅಳತೆಯಂತೆ ಒಳ್ಳೆ ಕಣ್ಣಿಗೆ 90 ಮೀಟರಿನಿಂದ ಕಾಣಲು ಅಕ್ಷರ ಕನಿಷ್ಠ 13 ಸೆಂಟಿಮೀಟರ್ ಎತ್ತರ ಇರಬೇಕು. ಅದೂ ಒಳ್ಳೆ ಬೆಳಕಿನಲ್ಲಿ. ಮಂದ ಬೆಳಕಿನಲ್ಲಿ ಕಣ್ಣಿನ ಚುರುಕು ಅರ್ಧಕ್ಕೆ ಇಳಿದರೆ 26 ಬೇಕು. ಬ್ರಿಟನ್ನಿನಲ್ಲಿ 2000ದಲ್ಲಿ ಬಂದ ಬಸ್ಸುಗಳ ನಿಯಮ ಮುಂಭಾಗದ ರೂಟ್ ನಂಬರಿಗೆ ಕನಿಷ್ಠ 20 ಸೆಂಟಿಮೀಟರ್ ಎನ್ನುತ್ತದೆ. ಬೆಳಕಿದ್ದರೆ ಅದು ಧಾರಾಳ. ಬೆಳಕಿಲ್ಲದಿದ್ದರೆ ಸಾಲದು. ಅಮೆರಿಕದ ನಿಯಮವಂತೂ ಮುಂದಿನ ಬೋರ್ಡು ಮತ್ತು ಹತ್ತುವ ಬದಿಯ ಬೋರ್ಡು ಎರಡಕ್ಕೂ ಬೆಳಕು ಇರಲೇಬೇಕು ಎಂದು ನೇರವಾಗಿ ಹೇಳುತ್ತದೆ. ಅದು ಅಂಗವಿಕಲರ ಅನುಕೂಲಕ್ಕೆಂದು ಮಾಡಿದ ಕಾನೂನು. ರಾತ್ರಿ ಸ್ಟಾಪಿನಲ್ಲಿ ನಿಂತವರೆಲ್ಲ ಮಂದದೃಷ್ಟಿಯವರೇ.

ಅದರಲ್ಲೂ ವಯಸ್ಸಾದವರ ಕಷ್ಟ ದೊಡ್ಡದು. ಅರವತ್ತರ ಕಣ್ಣಿನ ಪಾಪೆ ಕತ್ತಲೆಯಲ್ಲೂ ಅಷ್ಟಾಗಿ ಹಿಗ್ಗುವುದಿಲ್ಲ. ಮಸೂರ ಹಳದಿಗಟ್ಟಿರುತ್ತದೆ. ಇಪ್ಪತ್ತರ ಕಣ್ಣಿನ ರೆಟಿನಾಕ್ಕೆ ತಲುಪುವ ಬೆಳಕಿನ ಮೂರನೇ ಒಂದು ಭಾಗದಷ್ಟೇ ಅವರಿಗೆ ತಲುಪುವುದು. ಮಸೂರ ಬೆಳಕನ್ನು ಚೆದುರಿಸುವುದೂ ಜಾಸ್ತಿಯಾಗುವುದರಿಂದ ಮುಸುಕು ಇನ್ನೂ ದಪ್ಪ. ಅವತ್ತು ನನಗೆ ಕಪ್ಪು ಪಟ್ಟಿಯಾದರೂ ಕಂಡಿತ್ತು. ಅವರಿಗೆ ಬರೀ ಎರಡು ಬೆಳಕಿನ ಗುಂಡು ಕಂಡಿರಬಹುದು.

ಒಂದು ಸಂದೇಹ ಬರಬಹುದು. ರಸ್ತೆ ಬದಿಯ ಫಲಕಗಳಿಗೆ ದೀಪ ಇರುವುದಿಲ್ಲ, ಅವು ಹೇಗೆ ಹೊಳೆಯುತ್ತವೆ? ಅವುಗಳ ಮೇಲಿನ ಹಾಳೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಕಾರಿನ ಹೆಡ್‌ಲೈಟಿನಿಂದ ಹೋದದ್ದು ಕಾರಿನವರ ಕಣ್ಣಿಗೇ ಮರಳುತ್ತದೆ. ಸ್ಟಾಪಿನಲ್ಲಿ ನಿಂತವರ ಹಣೆಯ ಮೇಲೆ ದೀಪ ಇರುವುದಿಲ್ಲ. ಬಸ್ಸಿಗೆ ಆ ಹಾಳೆ ಅಂಟಿಸಿ ಉಪಯೋಗವಿಲ್ಲ. ಬೋರ್ಡಿನ ಬೆಳಕು ಬಸ್ಸಿನಿಂದಲೇ ಬರಬೇಕು.

ಹಿಂದಿನವರಿಗೆ ಇದು ತಿಳಿದಿತ್ತು. ಬಟ್ಟೆಯ ಸುರುಳಿಯ ಮೇಲೆ ಊರುಗಳ ಹೆಸರು ಬರೆದು, ಹಿಡಿಕೆ ತಿರುಗಿಸಿ ಬದಲಿಸುವ ಬೋರ್ಡುಗಳಿದ್ದವು. ಅವುಗಳ ಹಿಂದೆ ಬಲ್ಬು ಇಡುತ್ತಿದ್ದರು. ಆಮೇಲೆ ಬಂದದ್ದು ಮಗುಚುವ ಚುಕ್ಕಿಗಳ ಬೋರ್ಡು. 1960ರ ದಶಕದ ಆರಂಭದಲ್ಲಿ ಕೆನಡಾದ ಫೆರಾಂಟಿ-ಪ್ಯಾಕರ್ಡ್ ಕಂಪನಿಯಲ್ಲಿ ಕೆನ್ಯನ್ ಟೇಲರ್ ರೂಪಿಸಿದ್ದು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಳದಿ ಬಳಿದ ಪುಟ್ಟ ಬಿಲ್ಲೆಗಳು. ವಿದ್ಯುತ್ತಿನ ಒಂದು ಮಿಡಿತ ಕೊಟ್ಟರೆ ಅಯಸ್ಕಾಂತ ಬಿಲ್ಲೆಯನ್ನು ಮಗುಚುತ್ತದೆ. ಆಮೇಲೆ ಕರೆಂಟೇ ಬೇಡ, ಅದು ಹಾಗೇ ನಿಲ್ಲುತ್ತದೆ. ಬಿಸಿಲಲ್ಲಿ ಇದರಷ್ಟು ಚೆನ್ನಾಗಿ ಕಾಣುವ ಬೋರ್ಡು ಕಡಿಮೆ. ಆದರೆ ಬಿಲ್ಲೆಗಳಿಗೆ ಸ್ವಂತ ಬೆಳಕಿಲ್ಲ. ರಾತ್ರಿಗೆಂದು ಚೌಕಟ್ಟಿನ ಅಂಚಿನಲ್ಲಿ ಒಂದು ಟ್ಯೂಬ್‌ಲೈಟು ಇಡುತ್ತಿದ್ದರು. ಅದು ಸುಟ್ಟುಹೋದರೆ ಬೋರ್ಡು ತನ್ನ ಪಾಡಿಗೆ ಸರಿಯಾದ ಊರಿನ ಹೆಸರನ್ನೇ ತೋರಿಸುತ್ತಿರುತ್ತದೆ, ಕತ್ತಲೆಯಲ್ಲಿ.

ಈಗಿನ ಎಲ್‌ಇಡಿ ಬೋರ್ಡುಗಳಲ್ಲಿ ಅಕ್ಷರವೇ ಬೆಳಕು. ಜೇನಿನ ಬಣ್ಣದವು ಜಾಸ್ತಿ ಕಾಣುತ್ತವೆ. ಅವುಗಳ ಬೆಳಕು 590 ನ್ಯಾನೋಮೀಟರಿನ ಆಸುಪಾಸು, ಕಣ್ಣು ಚುರುಕಾಗಿರುವ ಜಾಗಕ್ಕೆ ಕೆಂಪಿಗಿಂತ ಹತ್ತಿರ. ಇವು ಕೆಡುವ ಬಗೆ ಬೇರೆ. ಪೂರ್ತಿ ಆರುವ ಬದಲು ಒಂದು ಸಾಲು, ಒಂದು ಮೂಲೆ ಆರುತ್ತದೆ. ಊರಿನ ಹೆಸರಿನಲ್ಲಿ ಒಂದಕ್ಷರ ಹೋದರೂ ಊಹಿಸಿ ಓದಬಹುದು. ಅಂಕಿಗೆ ಆ ಅನುಕೂಲ ಇಲ್ಲ. 8ರ ನಡುವಿನ ಸಾಲು ಆರಿದರೆ ಅದು 0. ನಮ್ಮ ಲಿಪಿಯಲ್ಲಿ ದ ಮತ್ತು ಧ ನಡುವೆ ಇರುವುದೂ ಒಂದು ಸಣ್ಣ ಸೀಳು ಅಷ್ಟೇ.

ಹಾಗಾದರೆ ಬಣ್ಣದಲ್ಲಿ ಬರೆದ ಹಳೆಯ ಬೋರ್ಡಿಗೆ ಎಷ್ಟು ಬೆಳಕು ಬೇಕು? ಒಂದೂವರೆ ಮೀಟರ್ ಉದ್ದ, ಕಾಲು ಮೀಟರ್ ಎತ್ತರದ ಹಲಗೆ ಎಂದುಕೊಳ್ಳೋಣ. ಅದರ ಮೇಲೆ 100 ಲಕ್ಸ್ ಬೀಳಲಿ. ದೀಪ ಕೊಡುವ ಬೆಳಕಿನ ಅಳತೆ ಲ್ಯೂಮೆನ್, ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಬೀದಿದೀಪದಿಂದ ಅದಕ್ಕೆ ಸಿಗುವುದರ ಹತ್ತು ಪಟ್ಟಾದರೂ ಆಯಿತು. ಇದಕ್ಕೆ ಬೇಕಾದದ್ದು ಸುಮಾರು 38 ಲ್ಯೂಮೆನ್. ಅರ್ಧ ಬೆಳಕು ಅತ್ತಿತ್ತ ಚೆಲ್ಲಿ ಹೋಗುತ್ತದೆ ಎಂದರೂ 76. ಒಂದು ವ್ಯಾಟಿನ ಒಳ್ಳೆಯ ಎಲ್‌ಇಡಿ 100 ಲ್ಯೂಮೆನ್ ಕೊಡುತ್ತದೆ. ಒಂದೇ ಒಂದು ವ್ಯಾಟ್ ಸಾಕು! ಮೊದಲಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಬಿಳಿ 100, ಕಪ್ಪು 10, ಮುಸುಕು ಅದೇ 10. ಕಣ್ಣಿಗೆ ಕಾಣುವುದು 110 ಮತ್ತು 20. ಐದು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ, ಹೆಡ್‌ಲೈಟು ಮುಖಕ್ಕೆ ಹೊಡೆಯುತ್ತಿದ್ದರೂ.

ಇಷ್ಟು ಸಣ್ಣ ದೀಪ ಕೆಟ್ಟು ವಾರಗಟ್ಟಲೆ ಹಾಗೇ ಉಳಿಯುವುದು ಹೇಗೆ? ಹೆಡ್‌ಲೈಟು ಕೆಟ್ಟರೆ ಚಾಲಕನಿಗೆ ರಸ್ತೆ ಕಾಣುವುದಿಲ್ಲ. ಒಳಗಿನ ದೀಪ ಕೆಟ್ಟರೆ ಕೂತವರು ಕೂಗುತ್ತಾರೆ. ಬೋರ್ಡಿನ ದೀಪ ಆರಿದ್ದು ಬಸ್ಸಿನ ಒಳಗಿರುವ ಯಾರಿಗೂ ಕಾಣುವುದಿಲ್ಲ. ಚಾಲಕ ಕೂರುವುದೇ ಅದರ ಹಿಂದೆ. ಬೆಳಿಗ್ಗೆ ಡಿಪೋದಿಂದ ಹೊರಡುವಾಗ ಬಿಸಿಲಿನಲ್ಲಿ ಬೋರ್ಡು ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ಅದು ಆರಿದೆ ಎಂದು ತಿಳಿಯುವುದು ಸ್ಟಾಪಿನಲ್ಲಿ ಉಳಿದುಹೋದವರಿಗೆ. ಅವರಿಗೆ ಹೇಳಲು ಬಸ್ಸೇ ಇರುವುದಿಲ್ಲ.

ಆ ರಾತ್ರಿಯ ನಂತರ ನಾನು ಹತ್ತುವಾಗಲೇ ಹೇಳುವುದು ರೂಢಿ ಮಾಡಿಕೊಂಡೆ. ಮೊದಲ ಸಲ ಹಾಗೆ ಹೇಳಿದಾಗ ಚಾಲಕ, "ಹೌದಾ, ಉರೀತಿಲ್ವಾ?" ಎಂದು ಕೈ ಚಾಚಿ ತಲೆಯ ಮೇಲಿನ ಒಂದು ಸ್ವಿಚ್ಚು ಒತ್ತಿದರು. ಮುಂದಿನ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದು, ನಾಲ್ಕು ಹೆಜ್ಜೆ ಮುಂದೆ ಹೋಗಿ, ಕತ್ತೆತ್ತಿ ನೋಡಿ ಬಂದು ಕೂತರು.