ಹೊಟ್ಟೆಯಲ್ಲಿ ನೀರು ತುಂಬಿ ಹೋದ ಅತ್ತೆ

"ಮಕ್ಳಾಗೋಗವೆ ಮೇಡಂ. ಇನ್ ಅದ್ನ ಮಡೀಕಂಡ್ ಏನ್ ಮಾಡಾನ? ತಗುದ್ಬುಡಿ."

ಮಂಡ್ಯ ಕಡೆಯ 43 ವರ್ಷದ ಹೆಣ್ಣುಮಗಳು. ಗುರುತು ಹತ್ತದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಎಡಸ್ತನದ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ವರ್ಷವಾಗಿತ್ತು. ಉದುರಿದ ಕೂದಲು ಗುಂಗುರಾಗಿ ಮರಳಿ ಬಂದಿತ್ತು. ಸ್ತನ ಕ್ಯಾನ್ಸರ್ ಆದವರಿಗೆ ಮುಂದೆ ಅಂಡಾಶಯಕ್ಕೂ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ, ಅಂದಿನಿಂದ ನಿದ್ದೆ ಇಲ್ಲ.

ಈ ಮಾತು ನನಗೆ ವಾರಕ್ಕೊಮ್ಮೆಯಾದರೂ ಕೇಳಿಸುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ, ತೊಂದರೆಯಿರುವುದೇ ಅಲ್ಲಿ. ಸ್ತನ ಕ್ಯಾನ್ಸರ್ ಆದ ಹೆಚ್ಚಿನ ಹೆಂಗಸರಿಗೆ ಅಂಡಾಶಯ ತೆಗೆಸುವ ಅಗತ್ಯವೇ ಇಲ್ಲ. ಕೆಲವರಿಗೆ ಮಾತ್ರ ಅದು ಜೀವ ಉಳಿಸುವ ಆಪರೇಷನ್. ಈ ಎರಡು ಗುಂಪನ್ನು ಬೇರೆ ಮಾಡುವುದು ಭಯವಲ್ಲ, ಸ್ಕ್ಯಾನೂ ಅಲ್ಲ. ಒಂದು ರಕ್ತಪರೀಕ್ಷೆ, ಅದಕ್ಕೂ ಮೊದಲು ಒಂದು ಮನೆತನದ ಕಥೆ.

"ನಿಮ್ಮ ಕಡೆ ಇನ್ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ?" ಎಂದೆ. ಇಲ್ಲ ಅಂದರು. ಅವ್ವ ಗಟ್ಟಿಮುಟ್ಟಾಗಿದ್ದಾರೆ, ಚಿಕ್ಕಮ್ಮಂದಿರೂ ಆರೋಗ್ಯವಾಗಿದ್ದಾರೆ. "ಅಪ್ಪನ ಕಡೆ?" ಎಂದಾಗ ತುಸು ಯೋಚಿಸಿದರು. ಒಬ್ಬ ಸೋದರತ್ತೆ ಐವತ್ತು ತುಂಬುವ ಮೊದಲೇ ಹೋಗಿದ್ದರು. ಏನಾಗಿತ್ತೋ ಗೊತ್ತಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿ ಹೋದರು.

ನನ್ನ ಪೆನ್ನು ನಿಂತದ್ದು ಅಲ್ಲಿ. ನಮ್ಮ ಊರುಗಳಲ್ಲಿ "ಹೊಟ್ಟೆಯಲ್ಲಿ ನೀರು ತುಂಬಿ" ಸತ್ತವರು ಬಹಳ. ಕೆಲವರದು ಲಿವರ್ ಕಾಯಿಲೆ, ಕೆಲವರದು ಕ್ಷಯ. ಕುಡಿತದ ಗಂಧವಿಲ್ಲದ ನಡುವಯಸ್ಸಿನ ಹೆಂಗಸಾದರೆ ಅದು ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು ಎಂಬ ಅನುಮಾನ ನನಗೆ ಬಂದೇ ಬರುತ್ತದೆ. ಸ್ತನ, ಅಂಡಾಶಯ ಎಂದರೆ ಹೆಣ್ಣಿನ ಅಂಗ, ಹಾಗಾಗಿ ತಾಯಿ ಕಡೆಯದೇ ಲೆಕ್ಕ ಎಂದು ನಮ್ಮವರು ಭಾವಿಸಿಬಿಡುತ್ತಾರೆ. ಈ ಎರಡೂ ಕ್ಯಾನ್ಸರಿಗೆ ದಾರಿ ಮಾಡುವ ಕೆಟ್ಟ ಜೀನ್‌ಗೆ ಆ ಭೇದವಿಲ್ಲ. ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡಾಗಲಿ ಹೆಣ್ಣಾಗಲಿ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಂತೂ ನಾನು ಬರೆಯುವ ವಂಶವೃಕ್ಷ ಕೊಂಬೆ ಕೊಂಬೆ ಹೆಣೆದುಕೊಂಡು ಬಳ್ಳಿಯಾಗಿಬಿಡುತ್ತದೆ.

ಇವರ ಗಡ್ಡೆಯ ವರದಿ ಟ್ರಿಪಲ್ ನೆಗೆಟಿವ್. ಹಾರ್ಮೋನಿಗೂ ಸ್ಪಂದಿಸದ, ಹರ್2 ಪ್ರೋಟೀನೂ ಹೆಚ್ಚಿಲ್ಲದ ಬಗೆ. ಈ ಬಗೆಯಾದರೆ ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರದಿದ್ದರೂ ಬಿಆರ್‌ಸಿಎ ಪರೀಕ್ಷೆ ಮಾಡಿಸಬೇಕು. ಇವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಬಿಆರ್‌ಸಿಎ1, ಬಿಆರ್‌ಸಿಎ2 ಎರಡೂ ನಮ್ಮೆಲ್ಲರಲ್ಲೂ ಇರುವ ಜೀನ್‌ಗಳೇ. ಹರಿದ ಡಿಎನ್‌ಎಗೆ ಹೊಲಿಗೆ ಹಾಕುವುದು ಅವುಗಳ ಕೆಲಸ. ಹುಟ್ಟಿನಿಂದಲೇ ಅದರಲ್ಲೊಂದು ಕೆಟ್ಟಿದ್ದರೆ ಹರಿದದ್ದು ಹಾಗೇ ಉಳಿದು, ವರ್ಷಗಳು ಕಳೆದಂತೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಸಾಮಾನ್ಯ ಹೆಣ್ಣಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಹೆಚ್ಚುಕಡಿಮೆ ಒಂದು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 80 ವರ್ಷದೊಳಗೆ ಬಿಆರ್‌ಸಿಎ1 ಕೆಟ್ಟವರಲ್ಲಿ ಅದು 44, ಬಿಆರ್‌ಸಿಎ2 ಕೆಟ್ಟವರಲ್ಲಿ 17. ಹಾಗಾಗಿಯೇ ಮಕ್ಕಳು ಸಾಕು ಎನಿಸಿದ ಮೇಲೆ, ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ ಅಂಡಾಶಯ ತೆಗೆಸಿ ಎನ್ನುತ್ತೇವೆ. ಜೀನ್ ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂದು ಬಂದರೆ ಅದರ ಮೇಲೆ ಕತ್ತಿ ಹಿಡಿಯಬಾರದು. ಅಂಥ ಬದಲಾವಣೆಗಳಲ್ಲಿ ಹೆಚ್ಚಿನವು ಕೊನೆಗೆ ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ.

"ವರ್ಷಕ್ಕೊಂದ್ಸಲ ಸ್ಕ್ಯಾನ್ ಮಾಡಿಸ್ತೀನಿ, ಸಿಎ-125 ರಕ್ತಪರೀಕ್ಷೆ ಮಾಡಿಸ್ತೀನಿ, ಆಪರೇಷನ್ ಬೇಡ" ಎನ್ನುವವರೂ ಇದ್ದಾರೆ. ಆ ಆಸೆ ನನಗೂ ಇತ್ತು. ಬ್ರಿಟನ್ನಿನಲ್ಲಿ ಮುಟ್ಟು ನಿಂತ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಹೆಂಗಸರನ್ನು ವರ್ಷಗಟ್ಟಲೆ ಹೀಗೆ ಪರೀಕ್ಷಿಸಿ ನೋಡಿದರು. 2021ರಲ್ಲಿ ಬಂದ ಅಂತಿಮ ಫಲಿತಾಂಶದಲ್ಲಿ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಿರಲಿಲ್ಲ. ಜೀನ್ ಕೆಟ್ಟವರಲ್ಲೂ ಈ ಪರೀಕ್ಷೆಗಳು ಆಪರೇಷನ್ನಿಗೆ ಬದಲಿಯಲ್ಲ. ಸ್ತನದಲ್ಲಾದರೆ ಮ್ಯಾಮೋಗ್ರಾಮ್, ಎಂಆರ್‌ಐ ಇವೆ, ಕಾಯಬಹುದು. ಹೊಟ್ಟೆಯೊಳಗೆ ಅಂಥ ಕಾವಲುಗಾರ ಇಲ್ಲ.

ಇವರಿಗೆ ಬಂದದ್ದು ಬಿಆರ್‌ಸಿಎ1. ಆಗ ಇನ್ನೊಂದು ಪ್ರಶ್ನೆ ಕೇಳಿದರು: "ಟ್ಯೂಬ್ ಆಪರೇಷನ್ ಆಗೈತಲ್ಲ, ಅದು ಸಾಲ್ದಾ?" ಒಳ್ಳೆಯ ಪ್ರಶ್ನೆ. ಕರ್ನಾಟಕದಲ್ಲಿ ಎರಡು ಮಕ್ಕಳಾದ ಮೇಲೆ ಈ ಆಪರೇಷನ್ ಮಾಡಿಸಿಕೊಂಡವರೇ ಹೆಚ್ಚು. ಆದರೆ ಸಂತಾನಹರಣದಲ್ಲಿ ಕಟ್ಟಿ ಕತ್ತರಿಸುವುದು ಅಂಡನಾಳದ ನಡುಭಾಗವನ್ನು. ಅಂಡಾಶಯದ ಕಡೆ ಜಾಲರಿಯಂತೆ ತೆರೆದುಕೊಂಡ ತುದಿ ಹಾಗೇ ಉಳಿದಿರುತ್ತದೆ. ಅಂಡಾಶಯದ್ದೆಂದು ನಾವು ಕರೆಯುತ್ತಾ ಬಂದ ಈ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಮೊಳೆಯುವುದು ಆ ಜಾಲರಿಯಲ್ಲೇ ಎಂದು ಈಚಿನ ದಶಕಗಳಲ್ಲಿ ಗೊತ್ತಾಗಿದೆ. ಆದ್ದರಿಂದ ಎರಡು ಅಂಡಾಶಯಗಳ ಜೊತೆ ಎರಡು ನಾಳಗಳೂ ತುದಿಯ ಸಮೇತ ಹೊರಬರಬೇಕು. ನಾಳ ಮಾತ್ರ ಈಗ ತೆಗೆದು ಅಂಡಾಶಯವನ್ನು ಕೆಲ ವರ್ಷ ಉಳಿಸಬಹುದೇ ಎಂಬ ಪರೀಕ್ಷೆಗಳು ನೆದರ್‌ಲೆಂಡ್ಸ್, ಅಮೆರಿಕದಲ್ಲಿ ನಡೆದಿವೆ. ಇನ್ನೂ ಅದನ್ನು ರೂಢಿಯ ಚಿಕಿತ್ಸೆ ಎನ್ನುವ ಹಾಗಿಲ್ಲ.

ಆಪರೇಷನ್ ಲ್ಯಾಪರೋಸ್ಕೋಪಿಯಲ್ಲಿ ಸುಮಾರು ಒಂದು ಗಂಟೆಯದು, ಮರುದಿನ ಮನೆಗೆ ಹೋಗಬಹುದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದ್ದು ಪೆಥಾಲಜಿ ಬಗ್ಗೆ. ತೆಗೆದ ನಾಳದ ತುದಿಯನ್ನು ಎರಡು ಮೂರು ಮಿಲಿಮೀಟರಿಗೊಂದು ಹೋಳು ಮಾಡಿ ಪೂರ್ತಿ ನೋಡಬೇಕು. "ಅಂಡಾಶಯ, ನಾಳ: ವಿಶೇಷವೇನಿಲ್ಲ" ಎಂದು ಒಂದೇ ಸಾಲು ಬರೆದ ವರದಿ ಹಿಡಿದು ಬಂದವರನ್ನು ನೋಡಿ ಸಿಟ್ಟು ಬಂದದ್ದುಂಟು. ನೂರರಲ್ಲಿ ಕೆಲವರಿಗೆ ಆಗಲೇ ಕಣ್ಣಿಗೆ ಕಾಣದ ಕ್ಯಾನ್ಸರ್ ಅಲ್ಲಿ ಕೂತಿರುತ್ತದೆ. ತೆಗೆಸಿದ ಮೇಲೆ ಅಪಾಯ ಸುಮಾರು ನೂರಕ್ಕೆ 80ರಷ್ಟು ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಹೊಟ್ಟೆಯ ಒಳಪೊರೆಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳಬಹುದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಜೀನ್ ಸರಿಯಿದ್ದರೂ ಕೆಲವು ಸ್ತನ ಕ್ಯಾನ್ಸರ್ ರೋಗಿಗಳಿಗೆ ನಾವು ಅಂಡಾಶಯ ತೆಗೆಯುತ್ತೇವೆ. ಅದು ಮುನ್ನೆಚ್ಚರಿಕೆಯಲ್ಲ, ಸ್ತನಕ್ಕೇ ಚಿಕಿತ್ಸೆ. ಈ ಉಪಾಯ ಹಳೆಯದು. ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಎಂಬ ಸರ್ಜನ್, ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಹಾಲು ಬತ್ತುವುದಿಲ್ಲ ಎಂಬ ರೈತರ ಪದ್ಧತಿ ತಿಳಿದು, ಸ್ತನಕ್ಕೂ ಅಂಡಾಶಯಕ್ಕೂ ಏನೋ ನಂಟಿದೆ ಎಂದು ಊಹಿಸಿದ. 1896ರಲ್ಲಿ, ಅಂಡಾಶಯ ತೆಗೆದಾಗ ಮುಂದುವರಿದ ಸ್ತನ ಕ್ಯಾನ್ಸರ್ ಕುಗ್ಗಿದ್ದನ್ನು ಬರೆದ. ಅಂಡಾಶಯ ಸ್ರವಿಸುವ ಈಸ್ಟ್ರೊಜೆನ್ ಹಾರ್ಮೋನಿಗೆ ಆಗ ಹೆಸರೇ ಹುಟ್ಟಿರಲಿಲ್ಲ. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಬಗೆಯದಾಗಿದ್ದು, ಮುಟ್ಟು ಇನ್ನೂ ಬರುತ್ತಿದ್ದು, ಮರಳುವ ಅಪಾಯ ಹೆಚ್ಚಿದ್ದರೆ ಅಂಡಾಶಯವನ್ನು ಸುಮ್ಮನಾಗಿಸುವುದು ಇವತ್ತಿಗೂ ಉಪಯುಕ್ತ. 28 ದಿನಕ್ಕೊಂದು ಗೊಸೆರೆಲಿನ್ ಇಂಜೆಕ್ಷನ್ನಿನಿಂದಲೂ ಅದು ಸಾಧ್ಯ. ದುಡ್ಡು, ಬಸ್ಸಿನ ಓಡಾಟ ಲೆಕ್ಕ ಹಾಕಿದವರು ಆಪರೇಷನ್ನೇ ವಾಸಿ ಎನ್ನುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ 35ರ ಕೆಳಗಿನವರಿಗೆ ಮೊದಲು ಕೆಲ ತಿಂಗಳು ಇಂಜೆಕ್ಷನ್ ಕೊಟ್ಟು ದೇಹ ಹೇಗೆ ತಾಳುತ್ತದೆ ನೋಡಿ ಎಂಬುದು ನನ್ನ ಹಟ. ಇಂಜೆಕ್ಷನ್ ನಿಲ್ಲಿಸಬಹುದು, ತೆಗೆದದ್ದನ್ನು ಮರಳಿ ಇಡಲಾಗದು.

ಏಕೆಂದರೆ "ಮಕ್ಳಾಗೋಗವೆ" ಎಂಬ ಕಾರಣಕ್ಕೆ ಅಂಡಾಶಯ ನಿರುಪಯೋಗಿಯಾಗುವುದಿಲ್ಲ. ಮೂಳೆ, ಹೃದಯ, ನಿದ್ದೆ, ದಾಂಪತ್ಯ ಎಲ್ಲಕ್ಕೂ ಅದು ಮುಟ್ಟು ನಿಲ್ಲುವವರೆಗೆ ದುಡಿಯುತ್ತಿರುತ್ತದೆ. ತಾನಾಗಿ ಮುಟ್ಟು ನಿಲ್ಲಲು ವರ್ಷಗಳು ಹಿಡಿಯುತ್ತವೆ. ಆಪರೇಷನ್ ಆದರೆ ಒಂದೇ ದಿನದಲ್ಲಿ. ರಾತ್ರಿ ಮೈ ಕಾದು ಬೆವರಿ ಏಳುವುದು, ಸಿಡುಕು, ಗಂಡನೊಡನೆ ಕೂಡುವಾಗ ಉರಿ, ನೋವು. ಕೊನೆಯದನ್ನು ನಾನು ಕೇಳದೆ ಯಾರೂ ಹೇಳುವುದಿಲ್ಲ. ಗಂಡನನ್ನು ಹೊರಗೆ ಕಳಿಸಿ ಕೇಳುತ್ತೇನೆ. ಹಾರ್ಮೋನ್ ಇಲ್ಲದ ಜೆಲ್‌ಗಳಿವೆ, ಬೆವರಿಗೆ ವೆನ್ಲಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಮಾತ್ರೆಗಳಿವೆ. ಬೇರೆ ಹೆಂಗಸರಿಗೆ ಕೊಡುವ ಈಸ್ಟ್ರೊಜೆನ್ ಮಾತ್ರೆಯನ್ನು ಸ್ತನ ಕ್ಯಾನ್ಸರ್ ಆದವರಿಗೆ ಕೊಡಲು ಕೈ ಬರುವುದಿಲ್ಲ. ಹಾಗೆ ಕೊಟ್ಟು ನೋಡಿದ ಸ್ವೀಡನ್ ಮೂಲದ ಒಂದು ಪ್ರಯೋಗವನ್ನು, ಕ್ಯಾನ್ಸರ್ ಮರಳುವುದು ಹೆಚ್ಚಾಗಿ, 2003ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮೂಳೆಗೆ ಅದರ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ, ನಡಿಗೆ. ಮಂಡ್ಯದವರಿಗೆ ರಾಗಿಮುದ್ದೆ ಬಿಡಬೇಡಿ ಎಂದು ಹೇಳುವ ಅಗತ್ಯ ಬೀಳಲಿಲ್ಲ.

ಒಂದು ಮಾತು ಆತುರದವರಿಗೆ. ಸ್ತನ ಕ್ಯಾನ್ಸರ್ ಆಗಲೇ ಲಿವರ್, ಮೂಳೆಗೆ ಹರಡಿದ್ದರೆ ಮುಂದಿನ ಹತ್ತಿಪ್ಪತ್ತು ವರ್ಷದ ಅಪಾಯ ತಪ್ಪಿಸಲು ಹೊಟ್ಟೆ ತೆರೆಯುವುದಕ್ಕೆ ಅರ್ಥವಿಲ್ಲ. ಇರುವ ರೋಗವನ್ನು ಮೊದಲು ನೋಡಬೇಕು.

ಈ ಹೆಣ್ಣುಮಗಳು ಮೂರು ತಿಂಗಳು ಯೋಚಿಸಿ, ಭತ್ತದ ಕೊಯ್ಲು ಮುಗಿಸಿ ಬಂದು ಆಪರೇಷನ್ ಮಾಡಿಸಿಕೊಂಡರು. ನಾಳದ ತುದಿ ಶುದ್ಧವಾಗಿತ್ತು. ಮಗಳಿಗೆ ಈಗ 19, ಅವಳ ಪರೀಕ್ಷೆಗೆ ಅವಸರವಿಲ್ಲ, 25ರ ಹೊತ್ತಿಗೆ ಅವಳೇ ತೀರ್ಮಾನಿಸಲಿ ಎಂದೆ. ಅಣ್ಣನನ್ನು ಕರೆತನ್ನಿ ಎಂದೂ ಹೇಳಿದ್ದೆ. "ನಂಗ್ಯಾಕ್ ಮೇಡಂ ಹೆಂಗಸ್ರು ಟೆಸ್ಟು?" ಎಂದು ಫೋನಿನಲ್ಲಿ ನಕ್ಕಿದ್ದ ಆತ ಹೋದ ತಿಂಗಳು ಬಂದು ರಕ್ತ ಕೊಟ್ಟು ಹೋದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು.