ನಾಜೂಕು ಅಂದರೆ ವಸ್ತುವಾ, ಕೈಯಾ?

ದಾದರ್‌ನ ಚಿನ್ನದಂಗಡಿಗಳಲ್ಲಿ ‘ನಾಜೂಕ ಡಿಸೈನ್’ ಅನ್ನೋ ಮಾತು ಸಾಮಾನ್ಯ. ತೆಳ್ಳನೆ ಎಳೆ, ಸಣ್ಣ ಕುಸುರಿ, ಜೋರಾಗಿ ಎಳೆದರೆ ತುಂಡಾಗುವಂಥದ್ದು ಅಂತ ಅರ್ಥ. ಮುಂಬೈ ಕನ್ನಡಿಗರಾದ ನಮಗೆ ಪದ ಹೊಸದಲ್ಲ, ಆದರೆ ಮನೆಯಲ್ಲಿ ಅದನ್ನು ಬಳಸೋದು ಬೇರೆ ಥರ. ‘ನಾಜೂಕಾಗಿ ಮಾತಾಡಿ ಕೆಲಸ ಮಾಡಿಸಿಕೊಂಡ’ ಅನ್ನುತ್ತೇವೆ. ಇಲ್ಲಿ ತುಂಡಾಗುವಂಥದ್ದು ಏನೂ ಇಲ್ಲ.

ಮೂಲ ಪಾರಸಿ. ಅಲ್ಲಿ ‘ನಾಜುಕ್’ ಅಂದರೆ ತೆಳು, ಕೋಮಲ, ಸೂಕ್ಷ್ಮ. ಉರ್ದು, ಹಿಂದಿಗೆ ಹಾಗೇ ಬಂತು, ‘ಜು’ ಹ್ರಸ್ವವಾಗೇ ಉಳಿಯಿತು. (ಈ ಪಾರಸಿ ಪದವನ್ನೇ ಅರಬ್ಬಿ ಅಚ್ಚಿಗೆ ಹಾಕಿ ‘ನಜಾಕತ್’ ಮಾಡಿಕೊಂಡರು, ಅದೊಂದು ಮಜಾ.) ಮರಾಠಿಯಲ್ಲಿ ಮಾತ್ರ ಇಂಥ ಪದಗಳಲ್ಲಿ ಕೊನೆಯಕ್ಷರದ ಹಿಂದಿನ ಇಕಾರ, ಉಕಾರ ದೀರ್ಘವಾಗುತ್ತವೆ, ಹಾಗಾಗಿ ಅವರದು ‘ನಾಜೂಕ’. ನಮ್ಮದೂ ‘ಜೂ’ ತಾನೇ? ಅದಕ್ಕೇ ಇದು ಮರಾಠಿ ದಾರಿಯಲ್ಲಿ ಬಂದಿರಬೇಕು ಅಂತ ನನ್ನ ಊಹೆ. ಬಿಜಾಪುರದಲ್ಲಿ 1686ರವರೆಗೆ ಆದಿಲ್‌ಶಾಹಿ ದರಬಾರು, ಮುಂದೆ ಆ ಸೀಮೆಯ ಬಹುಭಾಗ ಪೇಶ್ವೆಗಳ ಕೈಯಲ್ಲಿ, ಬ್ರಿಟಿಷರು ಬಂದ ಮೇಲೂ 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, 1862ರಿಂದ ಕಾರವಾರವೂ ಮುಂಬೈ ಆಡಳಿತದ ಕೆಳಗೇ ಇದ್ದವು. ಪದಗಳು ಹರಿದು ಬರಲು ಇಷ್ಟು ಸಾಕು. ಕೊನೆಗೊಂದು ಉಕಾರ ಹಚ್ಚಿದ್ದು ನಾವು, ಬಜಾರು, ಜರೂರು ಅಂದ ಹಾಗೆ.

ಅರ್ಥದಲ್ಲಿ ನಾವು ಮಾಡಿದ್ದು ಇನ್ನೂ ಜಾಸ್ತಿ. ಪಾರಸಿಯಲ್ಲೂ ಮರಾಠಿಯಲ್ಲೂ ನಾಜೂಕು ಅನ್ನೋದು ಹೆಚ್ಚಾಗಿ ಜೋಪಾನ ಬೇಡುವ ವಸ್ತುವಿನ ಗುಣ. ಕನ್ನಡದಲ್ಲಿ ಅದು ಜೋಪಾನ ಮಾಡುವ ಕೈಗೆ ದಾಟಿತು. ‘ನಾಜೂಕು ಪರಿಸ್ಥಿತಿ’ ಅಂತ ಹಳೇ ಅರ್ಥವೂ ಉಳಿದಿದೆ, ಇಲ್ಲ ಅನ್ನಲ್ಲ. ಆದರೆ ಬಾಯಿಗೆ ಮೊದಲು ಬರೋದು ನಾಜೂಕಿನ ಕೆಲಸ, ನಾಜೂಕಿನ ಮಾತು. ಅಲ್ಲಿಂದ ಇನ್ನೊಂದು ಹೆಜ್ಜೆ ಹೋದರೆ ‘ನಾಜೂಕಾಗಿ ಜಾರಿಕೊಂಡ’. ಹೊಗಳಿಕೆಯಾ ಚುಚ್ಚುಮಾತಾ ಅಂತ ಹೇಳುವವರ ದನಿ ಕೇಳಿಯೇ ತಿಳಿಯಬೇಕು.

ನಾಜೂಕಿನ ಪಕ್ಕ ನುಣುಪು, ನಯ ಇಟ್ಟು ನೋಡಿ. ನುಣುಪು ಅಂದರೆ ಕೈಗೆ, ಕಣ್ಣಿಗೆ ಸಿಗುವ ಗುಣ ಅಷ್ಟೇ. ನಯ ಬಟ್ಟೆಗೂ ಮಾತಿಗೂ ಹೊಂದುತ್ತದೆ, ನಾಜೂಕಿಗೆ ಅದೇ ಹತ್ತಿರದ ನೆಂಟ. ಆದರೂ ನಯವಂಚಕ ಬೇರೆ, ನಾಜೂಕಯ್ಯ ಬೇರೆ. ಮೊದಲನೆಯವನು ನಿಮಗೆ ಟೋಪಿ ಹಾಕುತ್ತಾನೆ. ನಾಜೂಕಯ್ಯ ಸುಮ್ನೆ ತನ್ನ ಬಟ್ಟೆಗೆ ಕೆಸರು ಹಾರದಂತೆ ನೋಡಿಕೊಳ್ಳುತ್ತಾನೆ. ಸೊಸೈಟಿ ಮೀಟಿಂಗ್‌ನಲ್ಲಿ ಎರಡೂ ಪಾರ್ಟಿಗೆ ಹೂಂ ಅಂದು, ಸಹಿ ಹಾಕುವ ಹೊತ್ತಿಗೆ ಫೋನ್ ಬಂತು ಅಂತ ಹೊರಗೆ ಹೋಗುವವನು ನಾಜೂಕಯ್ಯ.

ಊರಿನಿಂದ ಹೊಸದಾಗಿ ಇಲ್ಲಿಗೆ ಬಂದವರು ಒಂದು ಕಡೆ ಎಡವುತ್ತಾರೆ. ಮರಾಠಿ ಪೇಪರಿನಲ್ಲಿ ಯಾರದೋ ‘ಪ್ರಕೃತಿ ನಾಜೂಕ’ ಅಂತ ಓದಿ, ಪಾಪ ಮೃದು ಸ್ವಭಾವದವರು ಅಂದುಕೊಳ್ಳಬೇಡಿ. ಅವರು ಐಸಿಯುನಲ್ಲಿರುತ್ತಾರೆ. ಆ ಜಾಗದಲ್ಲಿ ಕನ್ನಡ ಪೇಪರ್ ‘ಸ್ಥಿತಿ ಚಿಂತಾಜನಕ’ ಅಂತ ಬರೆಯುತ್ತದೆ.